ಲೇಸಿಯ ಸೀಸದ ಗಿರಗಿಟ್ಲೆ

ಕಾಡಿನ ಮಧ್ಯೆ, ಹಿಂದೆ ಮುಂದೆ ಒಂದು ಮನೆ ಇಲ್ಲದ ಕಡೆ, ಡ್ಯಾಫೊಡಿಲ್ ಹೂ ಸಾಲಾಗಿ ಬಿಟ್ಟಿದ್ರೆ ಆರ್ವಿಲ್ ಟ್ಯಾಕೆಟ್‌ಗೆ ಗಾಡಿ ನಿಲ್ಲಿಸ್ದೆ ಇರಕ್ಕಾಗಲ್ಲ. ಹೂವು ತಾನಾಗೇ ಸಾಲಲ್ಲಿ ಬೆಳೆಯಲ್ಲ ನೋಡಿ. ಯಾರೋ ಒಬ್ಬ ಹೆಂಗಸು ಬಾಗ್ಲ ಮುಂದೆ ಗೆಡ್ಡೆ ನೆಟ್ಟಿರ್ಬೇಕು. ಮನೆ ಸುಟ್ಟೋಗಿರುತ್ತೆ, ಇಲ್ಲಾ ಕುಸಿದು ಮಣ್ಣಾಗಿರುತ್ತೆ, ಆಯಮ್ಮ ಸತ್ತು ಅರವತ್ತು ವರ್ಷ ಆಗಿರುತ್ತೆ. ಗೆಡ್ಡೆ ಮಾತ್ರ ಪ್ರತಿ ಮಾರ್ಚಲ್ಲಿ ಎದ್ದು, ಬಾಗ್ಲು ಇನ್ನೂ ಅಲ್ಲೇ ಇದೆ ಅನ್ನೋ ಥರ ಹಳದಿ ಹೂ ಬಿಡ್ತಾ ಇರುತ್ತೆ.

"ಮತ್ತೆ ಶುರುವಾಯ್ತಪ್ಪ," ಅಂತಾಳೆ ಪಕ್ಕದ ಸೀಟಲ್ಲಿ ಹೆಂಡ್ತಿ ಓಲೀಟ. "ನಾವು ಹೊರಟಿರೋದು ನನ್ನ ತಂಗಿ ಮಗಳ ಮದ್ವೆಗೆ. ನೆನಪಿದ್ಯಾ?"

"ಎರಡೇ ನಿಮಿಷ ಲೀಟ."

"ನಿನ್ನ ಎರಡು ನಿಮಿಷ ಮುಗಿಯೋ ಹೊತ್ಗೆ ಆ ಹುಡುಗಿ ಬಾಣಂತಿ ಆಗಿರ್ತಾಳೆ."

ಕೆಂಟಕಿಯ ಪೂರ್ವದ ಗುಡ್ಡಗಳಲ್ಲಿ ಬ್ರಾಶರ್ ಕೌಂಟಿ ಅಂತ ಒಂದಿದೆ. ಅಲ್ಲಿ ಮೂವತ್ತೊಂದು ವರ್ಷ ಸ್ಕೂಲ್ ಬಸ್ಸುಗಳ ರಿಪೇರಿ ಮಾಡ್ದೋನು ಈ ಆರ್ವಿಲ್. ಅವ್ನ ಉಗುರ ಸಂದೀಲಿ ಇರೋ ಗ್ರೀಸು ದೇವ್ರೇ ಬಂದು ಉಜ್ಜಿದ್ರೂ ಹೋಗಲ್ಲ. ಕೆಲಸ ಬಿಟ್ಟು ಮನೇಲಿ ಕೂತ ಮೊದಲ ತಿಂಗಳಲ್ಲೇ ಓಲೀಟಳ ಮಿಕ್ಸರು, ಇಸ್ತ್ರಿಪೆಟ್ಟಿಗೆ, ಹೊಲಿಗೆ ಮಷೀನು ಎಲ್ಲಾ ಬಿಚ್ಚಿ, "ಚೆನ್ನಾಗೇ ಇದೆ" ಅಂತ ವಾಪಸ್ ಜೋಡಿಸಿದ್ದ. ಅವಳು ತಲೆ ಕೆಟ್ಟು ಒಂದು ಡಿಟೆಕ್ಟರ್ ತಂದ್ಕೊಟ್ಲು. ಮಣ್ಣಲ್ಲಿ ಕಬ್ಬಿಣ, ಹಿತ್ತಾಳೆ ಏನಿದ್ರೂ ಕುಂಯ್ ಅನ್ನೋ ಕೋಲು. "ತಗೋ, ಹೊರಗೆ ಹೋಗಿ ಆಡ್ಕೋ," ಅಂದ್ಲು. ಮಗೂಗೆ ಹೇಳ್ದಂಗೆ.

ಏಳು ವರ್ಷ ಆಯ್ತು. ಚಿನ್ನ ಗಿನ್ನ ಏನೂ ಸಿಗ್ಲಿಲ್ಲ, ಅವನು ಹುಡುಕ್ತಾನೂ ಇರ್ಲಿಲ್ಲ. ಸಿಗ್ತಾ ಇದ್ದಿದ್ದು ಪ್ಯಾಂಟಿನ ಕೊಕ್ಕೆ, ಹೊಲಿಯೋವಾಗ ಬೆರಳಿಗೆ ಹಾಕ್ಕೊಳ್ಳೋ ಟೊಪ್ಪಿ, ಕುದುರೆ ಜೀನಿನ ಬಕಲ್, ಬಾಯಲ್ಲಿ ಊದೋ ವಾದ್ಯದ ಹಿತ್ತಾಳೆ ನಾಲಿಗೆ, ಗುಂಡಿಗಳು, ಲೆಕ್ಕ ಇಲ್ಲದಷ್ಟು ಗುಂಡಿಗಳು. ಆದ್ರೆ ಅವನ ಜಾಣತನ ಎಲ್ಲಾ ಇದ್ದಿದ್ದು ಅಗೆಯೋದ್ರಲ್ಲಲ್ಲ, ಇಡೋದ್ರಲ್ಲಿ. ಪ್ರತಿಯೊಂದಕ್ಕೂ ಖಾಲಿ ಮಾತ್ರೆ ಡಬ್ಬಿ, ಒಳಗೆ ಹತ್ತಿ, ಮೇಲೆ ಚೀಟಿ. ಎಲ್ಲಿ ಸಿಕ್ತು, ಯಾವತ್ತು, ಎಷ್ಟು ಆಳ, ಏನದು. ಏನು ಅಂತ ಗೊತ್ತಾಗ್ದಿದ್ರೆ 'ಗೊತ್ತಿಲ್ಲ' ಅಂತಾನೇ ಬರೀತಿದ್ದ. 'ಇರಬಹುದು' ಅನ್ನೋ ಪದ ಅವನ ಚೀಟೀಲಿ ಇಲ್ಲವೇ ಇಲ್ಲ. ಒಂದು ಇಡೀ ಡ್ರಾಯರ್ ತುಂಬಾ ಗೊತ್ತಿಲ್ಲಗಳು. ಚಳಿಗಾಲದ ಸಂಜೆ ಭೂತಗನ್ನಡಿ ಇಟ್ಕೊಂಡು ಅದರಲ್ಲಿ ಒಂದನ್ನ ಗೊತ್ತಾಯ್ತು ಮಾಡಿದ್ರೆ ಅವತ್ತು ಅವನಿಗೆ ಹಬ್ಬ.

ಇನ್ನೊಂದು ನೇಮ ಇತ್ತು. ಯಾರ ಜಾಗ ಆದ್ರೂ ಸರಿ, ಬಾಗ್ಲು ತಟ್ಟಿ ಕೇಳ್ದೆ ಒಂದು ಬೊಗಸೆ ಮಣ್ಣು ಅಗೆಯಲ್ಲ.

ಗೆಂಟ್ರಿ ಕಣಿವೇಲಿ ಡ್ಯಾಫೊಡಿಲ್ ಸಾಲು ಕಂಡಾಗ ತಟ್ಟಕ್ಕೆ ಬಾಗ್ಲೇ ಇರ್ಲಿಲ್ಲ. ವಿಚಾರಿಸಿದ್ರೆ, ಜಾಗದ ಒಡತಿ ಮಿಸ್ ನೋಲ ಗೆಂಟ್ರಿ, ಎಂಬತ್ತೇಳು ವರ್ಷ, ಊರಾಚೆ ವೃದ್ಧಾಶ್ರಮದಲ್ಲಿದಾಳೆ ಅಂದ್ರು. ಹೋದ. ಕಿಟಕಿ ಹತ್ರ ಒಂದು ಹಕ್ಕಿಮರಿ ಥರ ಕೂತಿದ್ಲು. ಕಣ್ಣು ಹೋಗಿತ್ತು. ಬಾಯಿ ಹೋಗಿರ್ಲಿಲ್ಲ.

"ಯಾರ ಮಗ ನೀನು?"

"ಹೋಬರ್ಟ್ ಟ್ಯಾಕೆಟ್ ಮಗ, ಮಿಸ್ ನೋಲ."

"ಓ, ಹಂದಿ ಮಾರೋ ಹೋಬರ್ಟಾ! ಕುಂಟ ಹಂದೀನ ಕಾಲು ಕಾಣ್ದಂಗೆ ಹಳ್ಳದಲ್ಲಿ ನಿಲ್ಲಿಸಿ ನಮ್ಮಪ್ಪನಿಗೆ ಮಾರಿದ್ನಲ್ಲ, ಅವನ ಮಗನಾ. ಅಗೆದಿದ್ನ ಮುಚ್ತೀಯಾ?"

"ಮುಚ್ತೀನಿ. ಹುಲ್ಲಿಗೂ ಗೊತ್ತಾಗಲ್ಲ."

"ಸಿಕ್ಕಿದ್ದನ್ನ ಮೊದ್ಲು ನನಗೆ ತೋರಿಸ್ಬೇಕು. ಕಣ್ಣಿಗಲ್ಲ, ಕೈಗೆ."

ಹಂಗೆ ಆಯ್ತು ಒಪ್ಪಂದ. ಸುಟ್ಟ ಮನೆ ಅದು, 1951ರಲ್ಲಿ ಹೊತ್ಕೊಂಡಿದ್ದು. ಉಳಿದಿದ್ದು ಹೊಗೆಗೂಡಿನ ಕಲ್ಲುಗಳು ಅಷ್ಟೇ. ಹದಿನೈದು ದಿನಕ್ಕೊಂದ್ಸಲ ಆರ್ವಿಲ್ ಡಬ್ಬಿಗಳನ್ನ ತಗೊಂಡು ಹೋಗ್ತಿದ್ದ, ಅವಳು ಒಂದೊಂದನ್ನೇ ಬೆರಳಲ್ಲಿ ಉಜ್ಜಿ ಹೇಳ್ತಿದ್ಲು. ಇದು ಅಪ್ಪನ ಪ್ಯಾಂಟಿನ ಪಟ್ಟಿ ಕೊಕ್ಕೆ. ಇದು ಬೀರುವಿನ ಹಿಡಿ. ಇದು ನಮ್ಮದಲ್ಲ, ನಮ್ಮನೇಲಿ ಇಷ್ಟು ಒಳ್ಳೇ ಚಮಚ ಇರ್ಲಿಲ್ಲ, ಅಮ್ಮ ಯಾರ್ದೋ ಮದ್ವೇಲಿ ಎತ್ಕೊಂಡು ಬಂದಿರ್ಬೇಕು. ಆರ್ವಿಲ್‌ಗೆ ಸ್ವರ್ಗ. ಗೊತ್ತಿಲ್ಲದ ಡ್ರಾಯರ್ ಖಾಲಿ ಆಗ್ತಾ ಬಂತು.

ಆಗಸ್ಟಲ್ಲಿ, ಜಗಲಿ ಇದ್ದ ಕಡೆ, ಒಂದು ಗೇಣು ಆಳದಲ್ಲಿ ಆ ಬಿಲ್ಲೆ ಸಿಕ್ತು. ಸೀಸದ್ದು. ಸುತ್ತ ಗರಗಸದ ಥರ ಹಲ್ಲು, ಮಧ್ಯೆ ಎರಡು ತೂತು. ಸೋಡಾ ಮುಚ್ಚಳ ಚಪ್ಪಟೆ ಮಾಡಿ, ದಾರ ಪೋಣಿಸಿ, ಎರಡು ಕೈಯಲ್ಲಿ ಎಳೆದು ಬಿಟ್ರೆ ಗುಂಯ್ ಅಂತ ತಿರುಗುತ್ತಲ್ಲ, ಅದೇ ಗಿರಗಿಟ್ಲೆ. ಆರ್ವಿಲ್ ಅದನ್ನ ಮೊದ್ಲು ತಗೊಂಡು ಹೋಗಿದ್ದು ತನ್ನಂಥ ಅಗೆಯೋರ ಕ್ಲಬ್ಬಿಗೆ. ಅಲ್ಲಿ ತಪ್ಪಿದ ಅಂತಲೇ ಅನ್ಬೇಕು, ಮೊದ್ಲು ನೋಲಮ್ಮನ ಕೈಗೆ ತೋರಿಸ್ಬೇಕಿತ್ತು. ಕ್ಲಬ್ಬಿನೋರು ಅಗ್ನಿಶಾಮಕ ಠಾಣೆಯ ಹಿಂದಿನ ರೂಮಲ್ಲಿ ಸೇರ್ತಾರೆ. ಎಲ್ರೂ ಕೈಯಿಂದ ಕೈಗೆ ದಾಟಿಸಿ, ಪುಸ್ತಕ ತಿರುವಿ, "ಇದು ಉತ್ತರ ದಕ್ಷಿಣದೋರ ಅಂತರ್ಯುದ್ಧದಲ್ಲಿ ಸಿಪಾಯಿಗಳು ಗುಂಡು ಬಡಿದು ಮಾಡ್ಕೊಂಡಿದ್ದ ಆಟದ ಸಾಮಾನು ಕಣಯ್ಯ! ನೂರೈವತ್ತು ವರ್ಷದ್ದು!" ಅಂದ್ರು. ಆ ತಿಂಗಳ ಬಹುಮಾನ ಅವನಿಗೇ. ಬಹುಮಾನ ಅಂದ್ರೆ ಒಂದು ಟೋಪಿ. ಊರ ಪೇಪರಲ್ಲಿ ಟೋಪಿ ಹಾಕ್ಕೊಂಡು, ಬಿಲ್ಲೆ ಹಿಡ್ಕೊಂಡು ಒಂದು ಫೋಟೋನೂ ಬಂತು.

ಆಮೇಲೆ ನೋಲಮ್ಮನ ಹತ್ರ ಹೋದ. ಅವಳು ಬೆರಳಲ್ಲಿ ಒಂದು ಸುತ್ತು ಸವರಿದ್ಲು. ಇನ್ನೊಂದು ಸುತ್ತು.

"ಇದು ನಮ್ಮ ಲೇಸೀದು."

"ಇಲ್ಲ ಮಿಸ್ ನೋಲ, ಇದು ಯುದ್ಧದ ಕಾಲದ್ದು. ಕ್ಲಬ್ಬಲ್ಲಿ ಎಲ್ಲಾರೂ..."

"ನಿನ್ನ ಕ್ಲಬ್ಬು ಬಾವಿಗೆ ಬೀಳ್ಲಿ. ಗುಂಡು ಯುದ್ಧದ್ದೇ. ಅಪ್ಪ ಉಳೋವಾಗ ಸಿಕ್ಕಿದ್ದು. ಅದನ್ನ ಹೊಗೆಗೂಡಿನ ಕಲ್ಲ ಮೇಲಿಟ್ಟು ಬಡಿದಿದ್ದು ನಮ್ಮಣ್ಣ. ನನಗೆ ಆರು ವರ್ಷ, ಅವನಿಗೆ ಹನ್ನೆರಡು. ಒಂದು ತೂತು ಓರೆ ಇದೆಯಾ ನೋಡು."

ಆರ್ವಿಲ್ ಕನ್ನಡಕ ಏರಿಸಿ ನೋಡಿದ. ಇತ್ತು. ಒಂದು ತೂತು ಅಂಚಿನ ಕಡೆಗೆ ವಾಲಿತ್ತು.

"ಮೊಳೆ ಜಾರಿ ಹೆಬ್ಬೆರಳಿಗೇ ಹೊಡ್ಕೊಂಡ. ಅವತ್ತು ಅವನ ಬಾಯಿಂದ ಬಂದ ಮಾತಿಗೆ ಅಮ್ಮ ಆ ಬಾಯಿಗೆ ಸೋಪು ಹಾಕಿ ತೊಳೆದ್ಲು. ಸರಿಯಾಗಿ ತಿರುಗಲ್ಲ ಅದು, ಕುಂಟುತ್ತೆ. ದಾರ ಹಾಕು, ನಿಂಗೇ ಗೊತ್ತಾಗುತ್ತೆ."

ಶೂ ಲೇಸು ಬಿಚ್ಚಿ ನೋಡಿದ, ದಪ್ಪ ಆಯ್ತು. ಆಯಾ ಹತ್ರ ದಾರ ಇಸ್ಕೊಂಡು ಪೋಣಿಸಿ ಎಳೆದ. ಗುಂಯ್ ಅನ್ಲಿಲ್ಲ. ಗುಂ-ಅ, ಗುಂ-ಅ ಅಂತು, ಏದುಸಿರು ಬಿಡ್ತಾ ಓಡಿ ಬಂದೋರ ಥರ. ನೋಲಮ್ಮ ನಕ್ಳು, ನಗ್ತಾ ನಗ್ತಾ ಕಣ್ಣೊರೆಸ್ಕೊಂಡ್ಲು.

ಲೇಸಿ ಹತ್ತೊಂಬತ್ತಕ್ಕೆ ನೌಕಾಪಡೆಗೆ ಹೋದ. 1944ರಲ್ಲಿ ಹಡಗು ಮುಳುಗ್ತು. ಹೆಣ ಬರ್ಲಿಲ್ಲ. ಗುಡ್ಡದ ಮೇಲೆ ಮನೆತನದ ಸಮಾಧಿಗಳ ಸಾಲಲ್ಲಿ ಅವನ ಹೆಸರಿನ ಕಲ್ಲಿದೆ, ಕೆಳಗೆ ಏನೂ ಇಲ್ಲ. ಅವನ ಕಾಗದ, ಅವನ ಒಂದೇ ಒಂದು ಫೋಟೋ, ಎಲ್ಲಾ ಮನೆ ಜೊತೆ ಸುಟ್ಟೋಯ್ತು.

"ಪ್ರತಿ ಮೇ ತಿಂಗಳು, ಸತ್ತೋರ ಗೋರಿ ಸಿಂಗರಿಸೋ ಡೆಕೊರೇಶನ್ ದಿನ, ಅಮ್ಮ ಎಲ್ಲಾ ಗೋರಿಗೂ ಹೂ ಇಟ್ಟು, ಲೇಸಿ ಹತ್ರ ಬಂದಾಗ ಅನ್ನೋಳು, ಖಾಲಿ ಡಬ್ಬಿ ಮುಂದೆ ಹೂ ಇಡ್ತಾ ಇದೀನಿ ಅಂತ. ಸಾಯೋ ತನಕ ಅದೇ ಮಾತು." ನೋಲಮ್ಮ ಬಿಲ್ಲೇನ ಅಂಗೈಯಲ್ಲಿ ಮುಚ್ಚಿದ್ಲು. "ಇದನ್ನ ಅವನ ಕಲ್ಲಿನ ಕೆಳಗೆ ಇಡ್ಬೇಕು ಕಣ್ ಮಗ. ಅವನ ಕೈ ಮುಟ್ಟಿದ್ದು ಈ ಭೂಮಿ ಮೇಲೆ ಇದೊಂದೇ ಉಳಿದಿರೋದು. ಬರೋ ಡೆಕೊರೇಶನ್ ತನಕ ನಾನು ಬದುಕಿರ್ತೀನಿ, ಹಠ ಮಾಡಿಯಾದ್ರೂ ಇರ್ತೀನಿ."

ಅವತ್ತೇ ಕೊಟ್ಟು ಬಂದಿದ್ರೆ ಮುಗೀತಿತ್ತು. ಕೇಳಿದ್ದು ಆರ್ವಿಲ್ಲೇ. "ಮೇ ತನಕ ನಾನು ಇಟ್ಕೊಂಡಿರ್ಲಾ, ಮಿಸ್ ನೋಲ? ಇಷ್ಟು ಒಳ್ಳೇದು ನಂಗೆ ಈ ಜನ್ಮದಲ್ಲಿ ಮತ್ತೆ ಸಿಗಲ್ಲ. ಒಂದು ಚಳಿಗಾಲ ನೋಡ್ಕೊಂಡಿರ್ತೀನಿ."

ಅವಳು ಬಿಲ್ಲೇನ ಇನ್ನೊಂದ್ಸಲ ಸವರಿ ಅವನ ಕೈಗಿಟ್ಲು. "ಸರಿ. ಇಲ್ಲಿ ಎಲ್ಲಾ ಕಳ್ದೋಗುತ್ತೆ. ನನ್ನ ಹಲ್ಲಿನ ಸೆಟ್ಟೇ ಕಳ್ದೋಯ್ತು ಹೋದ ವಾರ. ಆ ಮೂಲೆ ರೂಮಿನೋಳು ನಕ್ಕಾಗೆಲ್ಲ ನನಗೆ ಅನುಮಾನ."

ಮನೆಗೆ ಬಂದು ಹಳೇ ಚೀಟಿ ಹರಿದು ಹೊಸದು ಬರೆದ. 'ಸೀಸದ ಗಿರಗಿಟ್ಲೆ. ಲೇಸಿ ಗೆಂಟ್ರಿ ಮಾಡಿದ್ದು, 1937. ಒಂದು ತೂತು ಓರೆ.'

ಇದಾದ ವಾರಕ್ಕೆ ಡೆನ್ವರ್ ಸ್ಲೋನ್ ಬಂದ. ನೋಲಮ್ಮನ ತಂಗಿ ಮಗ, ಬಡಗಿ, ಆಳು ಬಾಗ್ಲಷ್ಟು ಅಗಲ. ಪಿಕಪ್ಪಿಂದ ಕಂಬಳಿ ಸುತ್ತಿದ ಒಂದು ಪೆಟ್ಟಿಗೆ ಇಳಿಸಿದ. ಗಾಜಿನ ಮುಚ್ಚಳ, ಒಳಗೆ ಹಸಿರು ಬಟ್ಟೆ, ಇಪ್ಪತ್ನಾಲ್ಕು ಮನೆ. ಮೂಲೆ ಕೂಡಿಸಿರೋ ಕಡೆ ಕೂದ್ಲು ತೂರಲ್ಲ.

"ಗೆಂಟ್ರಿ ಕೊಟ್ಟಿಗೆಯ ಓಕ್ ಮರ," ಅಂದ ಡೆನ್ವರ್. "ನನ್ನ ತಾತ ಕಡಿದಿದ್ದು. ನಿನಗೇಂತ ಮಾಡ್ದೆ ಕಣೋ. ದೊಡ್ಡಮ್ಮ ನಿನ್ನ ವಿಷ್ಯ ಹೇಳ್ದೆ ಇರೋ ದಿನ ಇಲ್ಲ. ನೋಡು, ಮುಚ್ಚಿದ್ರೆ ಗಾಳೀನೂ ನುಗ್ಗಲ್ಲ."

ಆರ್ವಿಲ್ ಆ ಮರಾನ ಸವರಿ ಸವರಿ ಸಾಕಾಗ್ಲಿಲ್ಲ. ಅದೇ ಜಾಗದ ಮರ, ಅದೇ ಜಾಗದ ಸಾಮಾನು! ಇದಕ್ಕಿಂತ ಇನ್ನೇನು ಬೇಕು ಹೇಳಿ. ಮಧ್ಯದ ಮನೇಲಿ ಗಿರಗಿಟ್ಲೆ ಇಟ್ಟ. ಪೆಟ್ಟಿಗೇನ ಸೌದೆ ಒಲೆ ಪಕ್ಕದ ಗೋಡೆಗೆ ಹಾಕ್ದ, ಬೆಚ್ಚಗಿರ್ಲಿ, ತೇವ ತಾಗ್ದೇ ಇರ್ಲಿ ಅಂತ.

ಮಾರ್ಚ್ ಮೊದಲ ವಾರ, ಕನ್ನಡಕ ಹಾಕ್ಕೊಂಡು ಹತ್ರ ಹೋಗಿ ನೋಡ್ದಾಗ ಬಿಲ್ಲೆ ಮೇಲೆ ಬಿಳಿ ಕಂಡಿದ್ದು. ಹಿಟ್ಟು ಉದುರಿಸ್ದಂಗೆ.

"ಬೂಷ್ಟು," ಅಂದ್ಲು ಓಲೀಟ, ಹೆಗಲ ಮೇಲಿಂದ ಇಣುಕಿ. "ಬ್ರೆಡ್ಡಿಗೆ ಬರೋದು ನೋಡಿಲ್ವಾ?"

"ಸೀಸಕ್ಕೆ ಬೂಷ್ಟು ಬರುತ್ತಾ?"

"ನಿನ್ನ ಕಾಲಿಗೇ ಬಂದಿತ್ತು, ಸೀಸಕ್ಕೇನು."

ಕಣ್ಣಿಗೆ ಬೂಷ್ಟಿನ ಥರಾನೇ ಇತ್ತು ಬಿಡಿ. ಅಲ್ಲಲ್ಲಿ ಗುಳ್ಳೆ. ಬೆರಳು ತಾಗಿಸ್ದ್ರೆ ಪುಡಿ. ಏಳು ವರ್ಷದಲ್ಲಿ ಒಂದು ಚೀಟೀಲೂ 'ಇರಬಹುದು' ಬರೀದೇ ಇದ್ದೋನು ಅವತ್ತು ಮನಸಲ್ಲೇ ಬರೆದ್ಕೊಂಡ, ಬೂಷ್ಟು ಇರಬಹುದು. ತನ್ನ ಕೆಟಲಿಗೆ ಬಿಳಿ ಕಟ್ಟಿದ್ರೆ ಓಲೀಟ ಏನು ಹಾಕ್ತಾಳೆ? ವಿನಿಗರ್. ಉಪ್ಪಿನಕಾಯಿ ಜಾಡೀಲಿ ವಿನಿಗರ್ ಸುರಿದು, ಬಿಲ್ಲೇನ ಮೆಲ್ಲಗೆ ಇಳಿಸಿ, ಬೆಳಗಾಗ್ಲಿ ಅಂತ ಮಲಗ್ದ. ಮಗೂಗೆ ಔಷಧಿ ಕುಡಿಸಿ ಮಲಗಿಸ್ದೋರ ಥರ ನಿದ್ದೆನೂ ಬಂತು.

ಬೆಳಗ್ಗೆ ಬಿಳೀನೂ ಹೋಗಿತ್ತು, ಅದರ ಕೆಳಗೆ ಇರಬೇಕಾದ್ದೂ ಹೋಗಿತ್ತು. ಚಮಚದಲ್ಲಿ ಎತ್ತಿದ. ಎಲೆ ಥರ ತೆಳ್ಳಗೆ, ಹುಳ ತಿಂದ ಹಂಗೆ ತೂತು ತೂತು. ಹಲ್ಲುಗಳಲ್ಲಿ ಅರ್ಧ ಇಲ್ಲ. ಓರೆ ತೂತಿಗೂ ಅಂಚಿಗೂ ಮಧ್ಯೆ ಇದ್ದ ಸಣ್ಣ ಸೇತುವೆ ಕರಗಿ, ತೂತು ಬಾಯ್ತೆರ್ಕೊಂಡಿತ್ತು.

ಆಮೇಲೆ ಫೋನ್ ಮಾಡ್ದ. ರಾಜಧಾನೀಲಿ ಒಂದು ಮ್ಯೂಸಿಯಮ್ಮು, ಅಲ್ಲಿ ಹಳೇ ಸಾಮಾನು ಕಾಪಾಡೋ ಕೆಲಸದ ಹೆಂಗಸು. ಹುಡುಗಿ ದನಿ, ತಾಳ್ಮೆ ಜಾಸ್ತಿ.

"ಎಲ್ಲಿಟ್ಟಿದ್ರಿ ಸಾರ್ ಅದನ್ನ?"

"ಪೆಟ್ಟಿಗೇಲಿ. ಒಳ್ಳೇ ಪೆಟ್ಟಿಗೆ. ಗಾಳಿ ನುಗ್ಗಲ್ಲ."

"ಯಾವ ಮರ?"

"ಓಕು."

ಆ ಕಡೆ ಒಂದು ಸಣ್ಣ ಉಸಿರು. ಓಕ್ ಮರ ಎಷ್ಟೇ ಹಳೇದಾಗ್ಲಿ, ಒಂದು ಹುಳಿ ಆವಿ ಬಿಡ್ತಾನೇ ಇರುತ್ತೆ, ಸೀಸಕ್ಕೆ ಅದು ವಿಷ, ಸೀಸ ಬಿಳಿ ಪುಡಿ ಆಗ್ತಾ ಹೋಗುತ್ತೆ, ಮುಚ್ಚಿಟ್ಟಷ್ಟೂ ಜೋರು, ಬೆಚ್ಚಗಿದ್ದಷ್ಟೂ ಜೋರು ಅಂದ್ಲು. ಬೇರೆ ಕಡೆ ಇಟ್ರೆ ಅಲ್ಲಿಗೆ ನಿಲ್ಲಿಸ್ಬಹುದಂತೆ.

"ಏನೂ ಹಾಕಿ ತೊಳೆದಿಲ್ಲ ತಾನೇ ಸಾರ್?"

"ವಿನಿಗರ್."

ಆ ಕಡೆ ಪೆನ್ನು ಕೆಳಗಿಟ್ಟ ಸದ್ದು.

"ಸಾರ್... ಓಕಿಂದ ಬರೋದೂ ಅದೇ ಹುಳಿ. ವಿನಿಗರ್ ಅಂದ್ರೆ ಅದನ್ನೇ ಬಾಟ್ಲಿಗಟ್ಲೆ ಸುರಿದಂಗೆ."

"ವಾಪಸ್ ಮಾಡಕ್ಕೆ ಏನಾದ್ರೂ?"

"ಪುಡಿ ಆದದ್ದು ಮತ್ತೆ ಸೀಸ ಆಗಲ್ಲ ಸಾರ್. ಏನಿದೆಯೋ ಅದನ್ನ ಉಳಿಸ್ಕೊಳ್ಳಿ. ಮತ್ತೆ ಆ ಪುಡೀನ ಬರಿಗೈಲಿ ಮುಟ್ಬೇಡಿ, ಒಳ್ಳೇದಲ್ಲ."

ಎಂಥಾ ಬಸ್ಸು ಬಂದ್ರೂ ಒಂದು ನಟ್ಟು, ಒಂದು ವೈರು, ಏನಾದ್ರೂ ಮಾಡಿ ಓಡಿಸಿ ಕಳಿಸಿದ್ದ ಮನುಷ್ಯ. ಈಗ ಅಡುಗೆಮನೆ ಟೇಬಲ್ ಮುಂದೆ ಕೈ ಎರಡೂ ಮೇಲಿಟ್ಕೊಂಡು ಕೂತ. ಕೈ ಇತ್ತು, ಕೆಲಸ ಇರ್ಲಿಲ್ಲ. ಜಾಡಿ ತಳದಲ್ಲಿ ಇಳಿದಿದ್ದ ಪುಡೀನ ಬಟ್ಟೇಲಿ ಸೋಸಿ, ಒಣಗಿಸಿ, ಒಂದು ಡಬ್ಬಿಗೆ ಹಾಕಿ ಚೀಟಿ ಅಂಟಿಸ್ದ. ಉಳಿದ ಚೂರನ್ನ ಇನ್ನೊಂದಕ್ಕೆ.

ಓಲೀಟ ಎದುರಿಗೆ ಕೂತ್ಲು. ಅವಳಿಗೂ ವಿನಿಗರ್ ಬಾಟ್ಲಿ ಕಂಡ್ರೆ ಆಗ್ತಿರ್ಲಿಲ್ಲ ಆಗ. "ನಿನ್ನ ಹತ್ರ ಅಂಥಾ ಗುಂಡು ಇನ್ನೂ ಇದಾವಲ್ಲ. ಒಂದನ್ನ ಬಡಿ. ಹಲ್ಲು ಕೊರಿ. ತೂತು ಓರೆ ಮಾಡು. ಆಯಮ್ಮನಿಗೆ ಕಣ್ಣೇ ಕಾಣಲ್ಲ."

"ಕೈ ಕಾಣುತ್ತೆ ಅವರಿಗೆ."

"ನೀನು ಮಾಡಿದ್ರೆ ಕೈಗೂ ಗೊತ್ತಾಗಲ್ಲ. ನಿನ್ನ ಕೆಲಸ ನಂಗೊತ್ತಿಲ್ವಾ?"

ಅದೇ ಕಷ್ಟ. ಮಾಡಬಲ್ಲ ಅನ್ನೋದು ಅವನಿಗೂ ಗೊತ್ತಿತ್ತು. ಒಂದು ದಿನ ಶೆಡ್ಡಿಗೆ ಹೋಗಿ ಗುಂಡು, ಸುತ್ತಿಗೆ, ಮೊಳೆ ಎಲ್ಲಾ ಸಾಲಾಗಿ ಇಟ್ಟೂ ಇಟ್ಟ. ಆಮೇಲೆ ಯೋಚ್ನೆ ಬಂತು. ಮಾಡಿ, ಡಬ್ಬಿಗೆ ಹಾಕಿ, ಚೀಟಿ ಮೇಲೆ ಏನಂತ ಬರೀಲಿ? 'ಆರ್ವಿಲ್ ಟ್ಯಾಕೆಟ್ ಮಾಡಿದ್ದು' ಅಂತಾನಾ? ಖಾಲಿ ಡಬ್ಬಿ ಅಂತ ಆ ತಾಯಿ ಸಾಯೋ ತನಕ ಅತ್ಲು. ಅದರೊಳಗೆ ಈಗ ಹಂದಿ ಮಾರೋ ಹೋಬರ್ಟನ ಮಗ ಸುಳ್ಳು ತುಂಬಿಡ್ಬೇಕಾ? ಸುತ್ತಿಗೇನ ಗೂಟಕ್ಕೆ ನೇತುಹಾಕಿ ಬಂದ.

ಹೇಳ್ಬಿಡೋಣ ಅಂತ ಏಪ್ರಿಲಲ್ಲಿ ವೃದ್ಧಾಶ್ರಮಕ್ಕೆ ಹೋದ. ನೋಲಮ್ಮ ಹೊಸ ಹಲ್ಲು ಹಾಕ್ಕೊಂಡಿದ್ಲು.

"ಬಾ ಮಗ ಬಾ. ಇವ್ಳಿಗೆ ಹೇಳ್ತಾ ಇದ್ದೆ ಈಗ, ಅಣ್ಣನ ಮಣ್ಣು ಮಾಡಕ್ಕೆ ಹೋಗ್ಬೇಕು, ನನ್ನ ನೀಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಡು ಅಂತ." ಪಕ್ಕದಲ್ಲಿ ಆಯಾ ನಗ್ತಿದ್ಲು. "ಎಪ್ಪತ್ತೈದು ವರ್ಷ ಲೇಟಾಯ್ತು ಅಷ್ಟೇ. ಅವನು ಯಾವತ್ತೂ ಊಟಕ್ಕೂ ಲೇಟೇ. ಚೆನ್ನಾಗಿದೆಯಾ ಅದು?"

"ಮಿಸ್ ನೋಲ..."

"ದಾರ ನಾನೇ ತರ್ತೀನಿ. ಮಣ್ಣಿಗೆ ಹಾಕೋ ಮುಂಚೆ ಒಂದ್ಸಲ ತಿರುಗಿಸ್ಬೇಕು. ಅವನಿಗೆ ಕೇಳ್ಲಿ."

ಆರ್ವಿಲ್ ಬಾಯಿ ತೆಗೆದ. ಬಂದಿದ್ದು, "ಹವಾ ಚೆನ್ನಾಗಿರುತ್ತಂತೆ ಅವತ್ತು." ಅಷ್ಟೇ. ಪಾರ್ಕಿಂಗಲ್ಲಿ ಗಾಡಿಯೊಳಗೆ ಅರ್ಧ ಗಂಟೆ ಕೂತಿದ್ದ. ಕೀಲಿ ತಿರುಗಿಸಕ್ಕೂ ಮನಸ್ಸಿಲ್ಲ.

ಡೆಕೊರೇಶನ್ ಭಾನುವಾರ ಬಂದೇಬಿಡ್ತು. ಗುಡ್ಡದ ಮೇಲೆ ಹುಲ್ಲು ಕೊಯ್ದಿದ್ರು, ಎಲ್ಲಾ ಕಲ್ಲಿಗೂ ಹೂ. ಮರದ ಕೆಳಗೆ ಉದ್ದ ಮೇಜು, ಅದರ ಮೇಲೆ ಕರಿದ ಕೋಳಿ, ಬೀನ್ಸ್ ಕಾಳಿನ ಸಾರು, ಜೋಳದ ರೊಟ್ಟಿ, ಸೇಬಿನ ಪದರದ ಕೇಕು. ಡೆನ್ವರ್ ತನ್ನ ದೊಡ್ಡಮ್ಮನ್ನ ಎರಡು ಕೈಯಲ್ಲಿ ಎತ್ಕೊಂಡೇ ಬಂದು ಲೇಸಿ ಕಲ್ಲಿನ ಹತ್ರ ಕುರ್ಚಿ ಹಾಕಿ ಕೂರಿಸ್ದ. ಕಲ್ಲಿನ ಬುಡದಲ್ಲಿ ಗುಂಡಿ ತೆಗೆಯೋ ಕೆಲಸ ಆರ್ವಿಲ್‌ದು. ಹುಲ್ಲನ್ನ ಬೇರು ಸಮೇತ ಬಿಲ್ಲೆ ಥರ ಕತ್ತರಿಸಿ ಪಕ್ಕಕ್ಕಿಟ್ಟ. ಒಂದು ಗೇಣು ಆಳ, ಸಿಕ್ಕಷ್ಟೇ ಆಳ.

"ಕೊಡು," ಅಂದ್ಲು ನೋಲಮ್ಮ. ಮಡಿಲಲ್ಲಿ ಕೆಂಪು ದಾರ ಇತ್ತು.

"ಮಿಸ್ ನೋಲ, ಮೊದ್ಲು ಒಂದು ಮಾತು. ಅದು ಹಾಳಾಗಿದೆ. ನನ್ನಿಂದಾನೇ ಹಾಳಾಯ್ತು."

"ಹಾಳಾಗಿದೆ ಅಂದ್ರೆ?"

ಅವಳ ಅಂಗೈ ಮೇಲೆ ಕಾಗದ ಹಾಸಿ, ಆ ಚೂರನ್ನ ಇಟ್ಟ. ಬಿಳೀ ಎಲ್ಲಾ ಒರೆಸಿದ್ದ. ಅವಳು ಹೆಬ್ಬೆರಳಲ್ಲಿ ಸವರಿದ್ಲು. ಹಲ್ಲು ಹುಡುಕಿದ್ಲು. ಓರೆ ತೂತು ಹುಡುಕಿದ್ಲು. ತೂತಿರ್ಬೇಕಾದ ಕಡೆ ಒಂದು ಬಾಯ್ತೆರೆದ ಕಚ್ಚು. ಅವಳ ಕೈ ನಿಂತ್ಹೋಯ್ತು.

"ಇದು ಅದಲ್ಲ."

"ಅದೇ, ಮಿಸ್ ನೋಲ. ದೇವರಾಣೆ ಅದೇ."

"ಅದು ಭಾರ ಇತ್ತು. ಇದು ಮೊಟ್ಟೆ ಚಿಪ್ಪು."

"ಪುಡಿ ಆಯ್ತು. ಪುಡೀನೂ ತಂದಿದೀನಿ, ಇಲ್ಲಿದೆ ಡಬ್ಬೀಲಿ..." ಡಬ್ಬಿ ಅಲ್ಲಾಡಿಸ್ದ. ಶಬ್ದಾನೇ ಬರ್ಲಿಲ್ಲ.

"ಸೀಸ ಪುಡಿ ಆಗುತ್ತಾ?" ದನಿ ಏರ್ಲಿಲ್ಲ, ಹೆದರಿಕೆ ಆಗಿದ್ದೇ ಅದಕ್ಕೆ. "ಎಂಬತ್ತು ವರ್ಷ ಮಳೆ, ಹಿಮ, ಮಣ್ಣು ತಿನ್ನದೇ ಇದ್ದಿದ್ದನ್ನ ನಿನ್ನ ಗಾಜಿನ ಪೆಟ್ಟಿಗೆ ಎಂಟು ತಿಂಗಳಲ್ಲಿ ತಿಂತಾ?"

ಆರ್ವಿಲ್ ಡೆನ್ವರ್ ಕಡೆ ನೋಡಿದ. ಡೆನ್ವರ್ ಟೋಪಿ ತೆಗೆದು ಎದೆಗಿಟ್ಕೊಂಡು ನಿಂತಿದ್ದ. ಪೆಟ್ಟಿಗೆ ಬಗ್ಗೆ ಅವನಿಗೆ ಇನ್ನೂ ಹೇಳಿರ್ಲಿಲ್ಲ. ಹೆಂಗೆ ಹೇಳೋದು? ಆದ್ರೆ ಈಗ ಹೇಳ್ದೆ ದಾರಿ ಇರ್ಲಿಲ್ಲ.

"ಓಕ್ ಮರ. ಅದರಿಂದ ಒಂದು ಆವಿ ಬರುತ್ತಂತೆ, ಮ್ಯೂಸಿಯಮ್ಮಿನೋರು ಹೇಳಿದ್ರು. ಸೀಸಕ್ಕೆ ಆಗಲ್ಲಂತೆ. ಆಮೇಲೆ ನಾನು ವಿನಿಗರಲ್ಲಿ..."

"ನಮ್ಮಪ್ಪನ ಕೊಟ್ಟಿಗೆ ಓಕು," ಅಂದ್ಲು ನೋಲಮ್ಮ. "ಈಗ ತಪ್ಪೆಲ್ಲ ಅದ್ರದ್ದಾಯ್ತು."

ಡೆನ್ವರ್ ಮುಖ ಕೆಂಪೇರಿತ್ತು. "ನಾನು ಮಾಡಿದ ಪೆಟ್ಟಿಗೇನಾ?" ಅಂದ. ಆಮೇಲೆ ನೆಲ ನೋಡ್ಕೊಂಡು, "ಬಿಡೋ ಆರ್ವಿಲ್. ಸಾಕು ಬಿಡು."

ಅಲ್ಲಿಗೆ ಆರ್ವಿಲ್‌ಗೆ ಗೊತ್ತಾಯ್ತು, ಇವನೂ ನಂಬ್ಲಿಲ್ಲ. ಊರ ಪೇಪರಲ್ಲಿ ಟೋಪಿ ಹಾಕ್ಕೊಂಡು ನಕ್ಕ ಫೋಟೋ ಇತ್ತು. 'ಈ ಜನ್ಮದಲ್ಲಿ ಮತ್ತೆ ಸಿಗಲ್ಲ' ಅಂದಿದ್ದು ಅವನ ಬಾಯೇ. ಮೇ ತನಕ ಇಟ್ಕೊಂಡಿರ್ಲಾ ಅಂತ ಕೇಳಿದ್ದೂ ಅದೇ ಬಾಯಿ. ಸುಳ್ಳು ಬಿಲ್ಲೆ ಮಾಡಿ ತಂದಿದ್ರೆ ಈ ಹೊತ್ಗೆ ಅದು ಗುಂ-ಅ, ಗುಂ-ಅ ಅಂತ ತಿರುಗಿ, ಎಲ್ರೂ ಕಣ್ಣೊರೆಸ್ಕೊಂಡು ಊಟಕ್ಕೆ ಕೂತಿರ್ತಿದ್ರು. ನಿಜಾನ ತಂದ, ಕಳ್ಳ ಆದ. ಓಲೀಟ ಮುಂದೆ ಬಂದು, "ಮಿಸ್ ನೋಲ, ನಾನು ಕಣ್ಣಾರೆ ನೋಡಿದೀನಿ, ಬಿಳಿ ಬಂದು..." ಅಂತ ಶುರು ಮಾಡಿದ್ಲು.

"ನೀನು ಅವನ ಹೆಂಡ್ತಿ ಕಣಮ್ಮ," ಅಂದ್ಲು ನೋಲಮ್ಮ. ಬೈಗುಳ ಅಲ್ಲ, ಹೆಸರು ಹಿಡಿದು ಕರೆದಷ್ಟೇ ಮೆತ್ತಗೆ.

ನೋಲಮ್ಮ ಕಾಗದ ಸಮೇತ ಆ ಚೂರನ್ನ ಚಾಚಿದ್ಲು. ಆರ್ವಿಲ್ ತಗೊಂಡ.

"ಗುಂಡಿ ಮುಚ್ಚು. ಒಳಗೆ ಏನೂ ಹಾಕ್ಬೇಡ. ಯಾವ್ದೋ ತಗಡನ್ನ ನಮ್ಮಣ್ಣನ ಮೇಲೆ ಹೂಳೋದು ಬೇಡ."

ಅವನು ಮಂಡಿ ಊರಿ ಮಣ್ಣು ತುಂಬಿದ, ಹುಲ್ಲಿನ ಬಿಲ್ಲೆ ಮೇಲಿಟ್ಟು ಅಂಗೈಯಲ್ಲಿ ಒತ್ತಿದ. ಚೂರು ಅಂಗಿ ಜೇಬಲ್ಲಿತ್ತು. ಗುಂಡಿಗೂ ಜೇಬಿಗೂ ಮಧ್ಯೆ ಒಂದು ಮೊಳ. ಅವಳಿಗೆ ಕಣ್ಣು ಕಾಣಲ್ಲ, ಡೆನ್ವರ್ ಬೇರೆ ಕಡೆ ತಿರುಗಿದ್ದ. ಆದ್ರೂ ಹಾಕಕ್ಕಾಗ್ಲಿಲ್ಲ. ಅವಳ ಜಾಗ, ಬೇಡ ಅಂದಿದ್ದಾಳೆ.

ಊಟಕ್ಕೆ ಕರೆದ್ರು. ಆರ್ವಿಲ್ ಗಾಡಿ ಕಡೆ ಹೊರಟಿದ್ದ. "ಎಲ್ಲಿಗೆ?" ಅಂದ್ಲು ನೋಲಮ್ಮ, ಹೆಜ್ಜೆ ಸಪ್ಪಳಕ್ಕೇ. "ಡೆನ್ವರ್, ಅವನಿಗೆ ತಟ್ಟೆ ಹಾಕು. ನಮ್ಮ ಗುಡ್ಡಕ್ಕೆ ಬಂದೋರು ಹಸ್ಕೊಂಡು ಹೋದದ್ದಿಲ್ಲ." ತನ್ನ ಪಕ್ಕದಲ್ಲೇ ಕೂರಿಸ್ಕೊಂಡ್ಲು. ಕೋಳಿ ತೊಡೆ ಅವನ ತಟ್ಟೇಲಿ ತಣ್ಣಗಾಗ್ತಾ ಇತ್ತು. ಬಾಯಲ್ಲಿ ರೊಟ್ಟಿ ಮರದ ಪುಡಿ ಥರ ಇತ್ತು.

ಎಲ್ರೂ ಮಾತಲ್ಲಿದ್ದಾಗ ಅವಳು ಅವನ ಮೊಣಕೈ ಹುಡುಕಿ ಹಿಡ್ಕೊಂಡ್ಲು.

"ನಂಗೆ ಕೋಪ ಇಲ್ಲ ಮಗ. ಚೆನ್ನಾಗಿರೋದನ್ನ ಬಿಟ್ಟುಕೊಡೋದು ಕಷ್ಟ, ನಂಗೂ ಗೊತ್ತು. ಬೇಕು ಅಂದಿದ್ರೆ ನಾನೇ ಕೊಡ್ತಿದ್ದೆನೇನೋ. ಇಟ್ಕೋ. ನಾನು ಇರೋ ತನಕ ನಿನ್ನ ಪೆಟ್ಟಿಗೇಲೇ ಇರ್ಲಿ." ಅವಳ ಬೆರಳು ಬಿಗಿಯಾಯ್ತು. "ಆದ್ರೆ ನಾನು ಹೋದ್ಮೇಲೆ, ನಿಜವಾದ್ದನ್ನ ತಂದು ಲೇಸಿ ಹತ್ರ ಹಾಕು. ಯಾರಿಗೂ ಹೇಳ್ಬೇಡ, ಯಾರೂ ಕೇಳಲ್ಲ. ಹಾಕ್ತೀಯಲ್ಲ?"

ಇಲ್ಲ ಅಂದ್ರೆ ಆ ಮುದುಕಿಗೆ ಇನ್ನೇನೂ ಉಳಿಯಲ್ಲ. ಹೂಂ ಅಂದ್ರೆ ಕದ್ದೆ ಅಂತ ಒಪ್ಕೊಂಡಂಗೆ.

"ಹಾಕ್ತೀಯಲ್ಲ, ಮಗ?"

"ಹೂಂ, ಮಿಸ್ ನೋಲ," ಅಂದ ಆರ್ವಿಲ್.

ಅವಳು ಅವನ ಮೊಣಕೈ ಎರಡು ಸಲ ತಟ್ಟಿ, ತನ್ನ ತಟ್ಟೇಲಿದ್ದ ಕೇಕಿನ ಅರ್ಧ ತಡಕಾಡಿ ಅವನ ತಟ್ಟೆಗೆ ಹಾಕಿದ್ಲು.